ಠಾಣೆಯ ಕರೆ ಬಂದಾಗ ಕಾಗದ ಕೇಳಿ

ಸಂಜೆಯ ಹೊತ್ತು. ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ಬ್ಯಾರನ್ನಿನ ಒಲೆಗೆ ಸೌದೆ ನೂಕುತ್ತಿದ್ದ ಹೊಗೆಸೊಪ್ಪಿನ ರೈತನ ಜೇಬಿನಲ್ಲಿ ಫೋನು ಸದ್ದು ಮಾಡುತ್ತದೆ.

‘ಸ್ಟೇಷನ್ನಿಂದ ಮಾತಾಡ್ತಿರೋದು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಬಂದು ಸಾಹೇಬ್ರನ್ನ ಕಾಣ್ಬೇಕು.’

‘ಯಾಕ್ ಸ್ವಾಮಿ?’

‘ಬನ್ನಿ, ಬಂದ್ಮೇಲೆ ಗೊತ್ತಾಗುತ್ತೆ.’

ಅಷ್ಟೇ. ಫೋನು ಕಟ್ಟಾಗುತ್ತದೆ. ಆ ರಾತ್ರಿ ರೈತನಿಗೆ ನಿದ್ದೆಯಿಲ್ಲ. ಪಕ್ಕದ ಹೊಲದವನೊಂದಿಗೆ ಬದುವಿನ ವಿಷಯಕ್ಕೆ ನಡೆದ ಜಗಳವೇ? ಕೈಸಾಲ ಕೊಟ್ಟವನು ದೂರು ಹೇಳಿದನೇ? ಮಗ ಬೈಕಿನಲ್ಲಿ ಎಲ್ಲಾದರೂ ಏನಾದರೂ ಮಾಡಿಕೊಂಡು ಬಂದನೇ? ಬೆಳಗಾಗುವುದರೊಳಗೆ ಊರಿನ ಮುಖಂಡರೊಬ್ಬರ ಮನೆಗೆ ಹೋಗಿ ‘ನೀವೂ ಒಂದು ಸಲ ಬಂದ್ಬಿಡಿ’ ಎಂದು ಗೋಗರೆದಿರುತ್ತಾನೆ. ಠಾಣೆಯ ಬೆಂಚಿನ ಮೇಲೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಕೂತು ಕೂತು, ಒಳಗಿನಿಂದ ಕರೆ ಬರುವ ವೇಳೆಗೆ ಅರ್ಧ ಸೋತಿರುತ್ತಾನೆ.

ಈ ರೈತ ಕಲ್ಪನೆಯ ವ್ಯಕ್ತಿ. ಆದರೆ ಇಂಥ ಕರೆ ಕಲ್ಪನೆಯದಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕೋರ್ಟು ಆವರಣದಲ್ಲಿ ನಿಂತಿರುವ ಯಾವ ವಕೀಲರನ್ನು ಬೇಕಾದರೂ ಕೇಳಿ ನೋಡಿ. ಪೊಲೀಸರ ಅಧಿಕಾರವೆಂದರೆ ನಮ್ಮ ಜನರ ಕಣ್ಣೆದುರು ಬರುವುದು ಲಾಠಿ, ಟೋಪಿ, ಲಾಕಪ್ಪು. ಕಾನೂನಿನ ಕಣ್ಣಲ್ಲಿ ಮಾತ್ರ ಅದು ಬೇರೆಯೇ. ಅಲ್ಲಿ ಪೊಲೀಸರ ಹೆಚ್ಚುಕಡಿಮೆ ಪ್ರತಿಯೊಂದು ಅಧಿಕಾರದ ಹಿಂದೆಯೂ ಒಂದು ಕಾಗದ ಇರಬೇಕು. ಕರೆಯಲು ಕಾಗದ, ಹಿಡಿಯಲು ಕಾಗದ, ಹುಡುಕಲು ಕಾಗದ, ಬಿಡಲೂ ಕಾಗದ. ಕಾಗದ ಎಲ್ಲಿ ಇಲ್ಲವೋ ಅಲ್ಲಿ ಅಧಿಕಾರ ತನ್ನ ಮೇರೆ ದಾಟಿರುವ ಸಾಧ್ಯತೆ ಹೆಚ್ಚು. ಈ ಒಂದು ಮಾತು ನೆನಪಿದ್ದರೆ ಕಲಮುಗಳ ಸಂಖ್ಯೆ ಮರೆತರೂ ಚಿಂತೆಯಿಲ್ಲ.

ಹಳೆಯ ಕಲಂ, ಹೊಸ ಸಂಖ್ಯೆ

ನಮ್ಮ ಹಿರಿಯರ ಬಾಯಲ್ಲಿ ನಲಿದಾಡುತ್ತಿದ್ದ ‘ನೂರೇಳು’, ‘ನೂರನಲವತ್ನಾಲ್ಕು’ ಈಗ ಇಲ್ಲ. 1973ರ ದಂಡಪ್ರಕ್ರಿಯಾ ಸಂಹಿತೆ, 1860ರ ಭಾರತೀಯ ದಂಡ ಸಂಹಿತೆ ಮತ್ತು 1872ರ ಸಾಕ್ಷ್ಯ ಕಾಯಿದೆಗಳ ಬದಲಿಗೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ನ್ಯಾಯ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ನೂರೇಳು ಈಗ 126 ಆಗಿದೆ, ನೂರನಲವತ್ನಾಲ್ಕು 163 ಆಗಿದೆ. ಇವುಗಳ ಜೊತೆಗೆ ನಮ್ಮ ರಾಜ್ಯದ್ದೇ ಆದ 1963ರ ಕರ್ನಾಟಕ ಪೊಲೀಸ್ ಕಾಯಿದೆಯೂ ಇದೆ. ಸಂಖ್ಯೆಗಳು ಬದಲಾದವು, ಕೆಲವು ಅಧಿಕಾರಗಳು ಹಿಗ್ಗಿದವು. ಆದರೆ ಮೂಲ ಕಟ್ಟುಪಾಡು ಸಂವಿಧಾನದ 20, 21 ಮತ್ತು 22ನೇ ವಿಧಿಗಳಲ್ಲಿದೆ. ಅದು ಹಾಗೆಯೇ ಉಳಿದಿದೆ.

ಈಗ ನಮ್ಮ ರೈತನ ವಿಷಯಕ್ಕೆ ಬರೋಣ. ಪೊಲೀಸರು ಒಬ್ಬನನ್ನು ಠಾಣೆಗೆ ಕರೆಸಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಆತ ಪ್ರಕರಣದ ಬಗ್ಗೆ ಏನಾದರೂ ಬಲ್ಲವನು ಎಂಬ ಕಾರಣಕ್ಕೆ ಕರೆಯುವುದು. ಇದು 179ನೇ ಕಲಂ. ಕರೆಯುವವರು ತನಿಖೆ ನಡೆಸುತ್ತಿರುವ ಅಧಿಕಾರಿಯಾಗಿರಬೇಕು, ಆದೇಶ ಲಿಖಿತವಾಗಿರಬೇಕು, ಕರೆಸಿಕೊಳ್ಳುವವನು ಆ ಠಾಣೆಯ ಅಥವಾ ಪಕ್ಕದ ಠಾಣೆಯ ಸರಹದ್ದಿನೊಳಗೆ ಇರುವವನಾಗಿರಬೇಕು. ಇನ್ನೂ ಒಂದು ಮಾತು. ಹೆಂಗಸರು, 15 ವರ್ಷದೊಳಗಿನ ಹುಡುಗರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯವರು ಇವರನ್ನು ಸಾಕ್ಷಿ ಹೇಳಲು ಠಾಣೆಗೆ ಬರುವಂತೆ ಒತ್ತಾಯಿಸುವ ಹಾಗೇ ಇಲ್ಲ. ಅವರು ಇರುವಲ್ಲಿಗೇ ಪೊಲೀಸರು ಹೋಗಬೇಕು. ತಾವಾಗಿಯೇ ಬರುತ್ತೇವೆಂದರೆ ಮಾತ್ರ ಬರಬಹುದು. ನಮ್ಮ ರೈತನಿಗೆ 62 ವಯಸ್ಸಾಗಿದ್ದರೆ ಆತ ಬೆಂಚಿನ ಮೇಲೆ ಐದು ಗಂಟೆ ಕೂರುವ ಅಗತ್ಯವೇ ಇರಲಿಲ್ಲ.

ಎರಡನೆಯದು, ಆತನ ಮೇಲೆಯೇ ಅನುಮಾನ ಅಥವಾ ಆರೋಪ ಇದ್ದಾಗ ಕೊಡುವ ನೋಟಿಸು. ಇದು 35ನೇ ಕಲಮಿನ 3ನೇ ಉಪಕಲಂ. ದಸ್ತಗಿರಿ ಅಗತ್ಯವಿಲ್ಲ ಎನಿಸಿದಾಗ ‘ಇಂಥ ದಿನ, ಇಂಥಲ್ಲಿ ಹಾಜರಾಗಿ’ ಎಂದು ನೋಟಿಸು ಕೊಡಬೇಕು. ನೋಟಿಸಿನಲ್ಲಿ ಅಪರಾಧ ಸಂಖ್ಯೆ, ಆರೋಪಿಸಿರುವ ಕಲಂ ಇರಬೇಕು, ಎಫ್‌ಐಆರ್ ಪ್ರತಿಯನ್ನೂ ಲಗತ್ತಿಸಬೇಕು ಎಂದು ಕರ್ನಾಟಕ ಹೈಕೋರ್ಟ್ ಹೇಳಿದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದನ್ನು ಈ ಕಲಮಿನ ನೋಟಿಸು ಎಂದು ಒಪ್ಪಲಾಗದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ವಾಟ್ಸ್‌ಆ್ಯಪ್ಪೇ ಸಾಲದೆಂದ ಮೇಲೆ ಸಂಜೆಯ ಒಂದು ಫೋನು ಕರೆ ಎಲ್ಲಿ ನಿಲ್ಲುತ್ತದೆ?

ಹಾಗೆಂದು ನೋಟಿಸು ಬಂದ ಮೇಲೆ ಸುಮ್ಮನೆ ಕೂರುವಂತಿಲ್ಲ. ಹಾಜರಾದರೆ ಕಾನೂನು ನಿಮ್ಮ ಪರ. ಕಾರಣ ಬರೆದಿಡದೆ ನಿಮ್ಮನ್ನು ಹಿಡಿಯಲಾಗದು. ತಪ್ಪಿಸಿಕೊಂಡರೆ ಅದೇ ಕಾನೂನು ನಿಮ್ಮ ವಿರುದ್ಧ ತಿರುಗುತ್ತದೆ.

ಠಾಣೆ ಪಂಚಾಯ್ತಿಕಟ್ಟೆಯಲ್ಲ

ಇಷ್ಟಕ್ಕೂ ಆ ಕರೆ ಯಾಕೆ ಬಂದಿತ್ತು? ಹತ್ತರಲ್ಲಿ ಎಷ್ಟೋ ಸಲ ಅದು ಅಪರಾಧದ ವಿಷಯವೇ ಆಗಿರುವುದಿಲ್ಲ. ಬದು ಒತ್ತುವರಿ, ಬಂಡಿದಾರಿ, ತೆಂಗಿನ ತೋಟದ ಪಾಲು, ಬಡ್ಡಿ ಬಾಕಿ, ಅಂಗಡಿ ಬಾಡಿಗೆ. ಇವೆಲ್ಲ ಸಿವಿಲ್ ತಕರಾರುಗಳು. ಇವುಗಳಲ್ಲಿ ಯಾರ ಜಮೀನು ಯಾರದು, ಯಾರು ಯಾರಿಗೆ ಎಷ್ಟು ಕೊಡಬೇಕು ಎಂದು ತೀರ್ಮಾನಿಸುವ ಅಧಿಕಾರ ಸಬ್‌ಇನ್ಸ್‌ಪೆಕ್ಟರಿಗೂ ಇಲ್ಲ, ಅವರ ಮೇಲಿನವರಿಗೂ ಇಲ್ಲ. ಅದು ಸಿವಿಲ್ ನ್ಯಾಯಾಲಯದ ಕೆಲಸ. ಜಮೀನಿನ ಸ್ವಾಧೀನದ ಜಗಳದಿಂದ ಶಾಂತಿ ಕದಡುವಂತಿದ್ದರೆ 164ನೇ ಕಲಮಿನಡಿ ವಿಚಾರಣೆ ನಡೆಸಬೇಕಾದವರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು. ಪೊಲೀಸರ ಕೆಲಸ ಅವರಿಗೆ ವರದಿ ಕೊಡುವುದು, ಅಲ್ಲಿಯವರೆಗೆ ಹೊಡೆದಾಟ ಆಗದಂತೆ ನೋಡಿಕೊಳ್ಳುವುದು.

‘ಮುಚ್ಚಳಿಕೆ ಬರೆದುಕೊಟ್ಟು ಹೋಗು’ ಎಂಬ ಮಾತನ್ನೂ ಇಲ್ಲೇ ಗಮನಿಸಬೇಕು. ಶಾಂತಿಯಿಂದ ಇರುತ್ತೇನೆಂದು ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ 126ನೇ ಕಲಮಿನಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರದು. ಅವರು ಮೊದಲು ಕಾರಣ ಕೇಳುವ ನೋಟಿಸು ಕೊಡಬೇಕು, ನಿಮ್ಮ ಮಾತು ಕೇಳಬೇಕು. ಬೆಂಗಳೂರು, ಮೈಸೂರುಗಳಂಥ ಕಮಿಷನರೇಟ್ ನಗರಗಳಲ್ಲಿ ಪೊಲೀಸ್ ಅಧಿಕಾರಿಗಳಿಗೇ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಟ್ಟಿರುವುದುಂಟು. ಹಾಸನ ಕಮಿಷನರೇಟ್ ಅಲ್ಲ. ಇಲ್ಲಿ ಆ ಕೆಲಸ ತಹಶೀಲ್ದಾರ್, ಉಪವಿಭಾಗಾಧಿಕಾರಿಗಳ ಮಟ್ಟದ್ದು. ಠಾಣೆಯ ಮೇಜಿನ ಮೇಲೆ ‘ಇಷ್ಟು ದಿನದೊಳಗೆ ಇಷ್ಟು ಹಣ ಕೊಡುತ್ತೇನೆ’ ಎಂದು ಬರೆಸಿಕೊಂಡ ಚೀಟಿ ಮುಚ್ಚಳಿಕೆಯೂ ಅಲ್ಲ, ನ್ಯಾಯಾಲಯದ ಡಿಕ್ರಿಯೂ ಅಲ್ಲ.

ಒಂದು ಮಾತು ಒಪ್ಪಬೇಕು. ಠಾಣೆಗೆ ಪಂಚಾಯ್ತಿ ಒಯ್ಯುವವರು ನಾವೇ. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆದಾಟ, ಠಾಣೆಯಲ್ಲಾದರೆ ಒಂದೇ ದಿನದಲ್ಲಿ ಇತ್ಯರ್ಥ ಎಂಬ ಆಸೆ. ಇಂದು ನಮಗೆ ಅನುಕೂಲವಾದ ಬೆದರಿಕೆ ನಾಳೆ ನಮ್ಮ ಕಡೆಗೇ ತಿರುಗುತ್ತದೆ ಎಂಬುದನ್ನು ಆಗ ಮರೆತಿರುತ್ತೇವೆ.

ನೆರೆಯ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯ ಪ್ರಕರಣ ನೆನಪಿಸಿಕೊಳ್ಳಿ. 2021ರ ಮೇ ತಿಂಗಳಲ್ಲಿ ಪರಿಶಿಷ್ಟ ಜಾತಿಯ ಯುವಕನೊಬ್ಬ, ಊರವರ ಬಾಯಿಮಾತಿನ ದೂರಿನ ಮೇಲೆ ತನ್ನನ್ನು ಠಾಣೆಗೆ ಕರೆದೊಯ್ದು ಹಿಂಸಿಸಿ, ಕುಡಿಯಲು ನೀರು ಕೇಳಿದಾಗ ಮೂತ್ರ ನೆಕ್ಕಿಸಲಾಯಿತೆಂದು ಆರೋಪಿಸಿದ. ಸಬ್‌ಇನ್ಸ್‌ಪೆಕ್ಟರ್ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು, ಅದೇ ವರ್ಷ ಅವರ ಬಂಧನವೂ ಆಯಿತು. ಆರೋಪದ ಸತ್ಯಾಸತ್ಯ ತೀರ್ಮಾನಿಸುವುದು ನ್ಯಾಯಾಲಯಕ್ಕೆ ಸೇರಿದ್ದು. ನಮ್ಮ ಮಾತು ಇಷ್ಟೇ: ಬಾಯಿಮಾತಿನಲ್ಲಿ ಕರೆದೊಯ್ದವನಿಗೆ ಠಾಣೆಯೊಳಗೆ ಏನಾಯಿತು ಎಂಬುದಕ್ಕೆ ಕಾಗದದ ಸಾಕ್ಷಿ ಸಿಗುವುದು ಕಷ್ಟ.

ದೂರು ಕೊಟ್ಟವರ ಕೈಯಲ್ಲಿ

ಇನ್ನು ದೂರು ಹೊತ್ತು ಠಾಣೆಯ ಮೆಟ್ಟಿಲು ಹತ್ತುವವರ ಪಾಡು. ‘ಬರೆದಿಟ್ಟು ಹೋಗಿ, ನೋಡೋಣ’ ಎಂಬ ಮಾತು ಯಾರು ಕೇಳಿಲ್ಲ? ವಾರಂಟಿಲ್ಲದೆ ಹಿಡಿಯಬಹುದಾದ ಗಂಭೀರ ಅಪರಾಧಗಳನ್ನು ಕಾನೂನು ಸಂಜ್ಞೇಯ ಅಪರಾಧ ಎನ್ನುತ್ತದೆ. ಅಂಥ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹೊಸ ಸಂಹಿತೆಯ 173ನೇ ಕಲಂ ಇನ್ನೂ ಮುಂದೆ ಹೋಗಿದೆ. ಯಾವ ಸರಹದ್ದಿನಲ್ಲಿ ನಡೆದ ಅಪರಾಧವಾದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಹೊಳೆನರಸೀಪುರದಲ್ಲಿ ನಡೆದದ್ದಕ್ಕೆ ಹಾಸನದಲ್ಲಿ ದೂರು ಬರೆದುಕೊಂಡು ಅಲ್ಲಿಗೆ ಕಳಿಸಬೇಕೇ ಹೊರತು ‘ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದು ಅಟ್ಟುವಂತಿಲ್ಲ. ವಿದ್ಯುನ್ಮಾನ ಮಾಧ್ಯಮದ ಮೂಲಕವೂ ದೂರು ಕಳಿಸಬಹುದು. ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ದೂರುದಾರನಿಗೆ ಬಿಟ್ಟಿಯಾಗಿಯೇ ಕೊಡಬೇಕು.

ಒಂದು ವಿನಾಯಿತಿ ಇದೆ. ಮೂರು ವರ್ಷದಿಂದ ಮೇಲೆ, ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಸಂಜ್ಞೇಯವಲ್ಲದ ಸಣ್ಣಪುಟ್ಟ ಅಪರಾಧವಾದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಆಗಲೂ ಪುಸ್ತಕದಲ್ಲಿ ನಮೂದಿಸಿ ಮ್ಯಾಜಿಸ್ಟ್ರೇಟರ ಬಳಿ ಹೋಗುವಂತೆ ತಿಳಿಸಬೇಕು. ಬರಿಗೈಯಲ್ಲಿ ಹಿಂದಿರುಗಬೇಡಿ. ಎಫ್‌ಐಆರ್ ಇಲ್ಲವೆಂದರೆ ಸ್ವೀಕೃತಿ ಅಥವಾ ಹಿಂಬರಹ ಕೇಳಿ ಪಡೆಯಿರಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲಿಯೂ ಆಗದಿದ್ದರೆ ಪ್ರಮಾಣಪತ್ರದೊಂದಿಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ.

ಒಂದು ಎಫ್‌ಐಆರ್ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಈ ಜಿಲ್ಲೆಯೇ ಕಂಡಿದೆ. 2024ರ ಏಪ್ರಿಲ್ 28ರಂದು ಹೊಳೆನರಸೀಪುರ ಟೌನ್ ಠಾಣೆಯಲ್ಲಿ, ಮನೆಗೆಲಸ ಮಾಡಿಕೊಂಡಿದ್ದ ಮಹಿಳೆಯೊಬ್ಬರ ದೂರು ದಾಖಲಾಯಿತು. ಆಗ ಹಾಸನದ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ಅವರ ವಿರುದ್ಧದ ಪ್ರಕರಣಗಳ ಸರಣಿ ಆರಂಭವಾದದ್ದು ಅಲ್ಲಿಂದ. ತನಿಖೆ ವಿಶೇಷ ತಂಡಕ್ಕೆ ಹೋಯಿತು. ಮೇ 31ರ ನಡುರಾತ್ರಿ ಜರ್ಮನಿಯಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದಿಳಿದ ಅವರನ್ನು ಬಂಧಿಸಿ ಅದೇ ದಿನ ನ್ಯಾಯಾಲಯದ ಮುಂದೆ ಹಾಜರುಪಡಿಸಲಾಯಿತು. ಇನ್ನೊಬ್ಬ ಮಹಿಳೆಯ ದೂರಿನ ಪ್ರಕರಣದಲ್ಲಿ 2025ರ ಆಗಸ್ಟ್ 2ರಂದು ವಿಶೇಷ ನ್ಯಾಯಾಲಯ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇಲ್ಲಿ ಗಮನಿಸಬೇಕಾದ್ದು ಎರಡು. ಕೂಲಿ ಮಾಡುವ ಹೆಣ್ಣುಮಗಳ ದೂರಿಗೂ ಠಾಣೆಯ ಪುಸ್ತಕದಲ್ಲಿ ಜಾಗವಿರಲೇಬೇಕು. ಹಿಡಿದ ಮೇಲೆ ಆರೋಪಿ ಎಷ್ಟೇ ದೊಡ್ಡವನಾಗಿರಲಿ, ಎಷ್ಟೇ ಬಡವನಾಗಿರಲಿ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ನಿಯಮ ಒಂದೇ.

ಅತ್ಯಾಚಾರದಂಥ ಅಪರಾಧಗಳ ದೂರು ಬರೆದುಕೊಳ್ಳದ ಅಧಿಕಾರಿಗೇ ಆರು ತಿಂಗಳಿಂದ ಎರಡು ವರ್ಷದವರೆಗೆ ಕಠಿಣ ಸಜೆ ವಿಧಿಸಲು ನ್ಯಾಯ ಸಂಹಿತೆಯ 199ನೇ ಕಲಂ ಅವಕಾಶ ಕೊಡುತ್ತದೆ. ಇಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು.

ದಸ್ತಗಿರಿಗೆ ಗಡಿಯಾರ ಕಟ್ಟಿದೆ

ಹಿಡಿಯುವ ಅಧಿಕಾರ ಇದ್ದ ಮಾತ್ರಕ್ಕೆ ಹಿಡಿಯಲೇಬೇಕೆಂದಿಲ್ಲ. ಸುಪ್ರೀಂ ಕೋರ್ಟ್ ಜೋಗಿಂದರ್ ಕುಮಾರ್ ಪ್ರಕರಣದಲ್ಲಿ 1994ರಲ್ಲೇ ಇದನ್ನು ಹೇಳಿತು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಕೆ ಹಿಡಿದೆವು ಎಂಬ ಕಾರಣವನ್ನು ಬರೆದಿಡಬೇಕು, ಹಿಡಿಯದಿದ್ದರೆ ಅದಕ್ಕೂ ಕಾರಣ ಬರೆದಿಡಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಬಿಗಿಗೊಳಿಸಿತು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾಗಿದ್ದು, ಆರೋಪಿ ಅಶಕ್ತನೋ 60 ದಾಟಿದವನೋ ಆಗಿದ್ದರೆ ಡಿವೈಎಸ್‌ಪಿ ಅನುಮತಿಯಿಲ್ಲದೆ ಹಿಡಿಯುವಂತಿಲ್ಲ. ಇದು ಹೊಸ ಸಂಹಿತೆ ಸೇರಿಸಿದ ರಕ್ಷಣೆ.

ಹಿಡಿಯುವಾಗ ಏನೇನು ಮಾಡಬೇಕು ಎಂಬ ಪಟ್ಟಿಯ ಹಿಂದೆ ಒಂದು ಪತ್ರದ ಕಥೆಯಿದೆ. 1986ರ ಆಗಸ್ಟ್ 26ರಂದು ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಲಗತ್ತಿಸಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ನ್ಯಾಯಾಲಯ ಅದನ್ನೇ ರಿಟ್ ಅರ್ಜಿಯಾಗಿ ಪರಿಗಣಿಸಿತು. ಹತ್ತು ವರ್ಷದ ನಂತರ, 1996ರ ಡಿಸೆಂಬರ್ 18ರಂದು, 11 ನಿರ್ದೇಶನಗಳು ಹೊರಬಂದವು. ಅವುಗಳಲ್ಲಿ ಮುಖ್ಯವಾದವು ಇಂದು ಸಂಹಿತೆಯೊಳಗೇ ಸೇರಿವೆ. ಹಿಡಿಯುವ ಅಧಿಕಾರಿಯ ಹೆಸರಿನ ಪಟ್ಟಿ ಎದ್ದು ಕಾಣುವಂತಿರಬೇಕು. ಬಂಧನದ ಪತ್ರ ಬರೆದು, ಅದಕ್ಕೆ ಮನೆಯವರೊಬ್ಬರು ಅಥವಾ ಊರಿನ ಮರ್ಯಾದಸ್ಥರೊಬ್ಬರು ಸಾಕ್ಷಿ ಹಾಕಬೇಕು, ಬಂಧಿತನೂ ಸಹಿ ಹಾಕಬೇಕು. ಎಲ್ಲಿ ಇಟ್ಟಿದ್ದೇವೆಂದು ಆತ ಹೇಳಿದ ಬಂಧುವಿಗೋ ಸ್ನೇಹಿತನಿಗೋ ತಿಳಿಸಿ, ತಿಳಿಸಿದ್ದನ್ನು ಠಾಣೆಯ ಪುಸ್ತಕದಲ್ಲಿ ಬರೆಯಬೇಕು. ವೈದ್ಯಕೀಯ ಪರೀಕ್ಷೆ ಮಾಡಿಸಿ ವರದಿಯ ಪ್ರತಿ ಕೊಡಬೇಕು. ವಿಚಾರಣೆಯ ಪೂರ್ತಿ ಹೊತ್ತು ಅಲ್ಲದಿದ್ದರೂ ನಡುವೆ ವಕೀಲರನ್ನು ಕಾಣಲು ಬಿಡಬೇಕು. ಪ್ರತಿ ಠಾಣೆಯಲ್ಲೂ ಬಂಧಿತರ ಮಾಹಿತಿ ಇಡಲು ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೊಬ್ಬರು ಇರಬೇಕು ಎಂದು 37ನೇ ಕಲಂ ಹೇಳುತ್ತದೆ. ‘ನಮ್ಮ ಹುಡುಗ ಎಲ್ಲಿ?’ ಎಂದು ಕೇಳಿಕೊಂಡು ಬಂದವರಿಗೆ ಉತ್ತರ ಕೊಡಬೇಕಾದವರು ಅವರೇ.

ಯಾವ ಕಾರಣಕ್ಕೆ ಹಿಡಿದಿದ್ದೇವೆಂದು ತಿಳಿಸುವುದು ಸಂವಿಧಾನದ 22ನೇ ವಿಧಿಯ ಆಜ್ಞೆ. ತಿಳಿಸದಿದ್ದರೆ ಬಂಧನವೇ ಅಕ್ರಮ ಎಂದು 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ವಿಹಾನ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಅದೇ ವರ್ಷದ ನವೆಂಬರಿನಲ್ಲಿ ಇನ್ನೊಂದು ತೀರ್ಪು, ಎಲ್ಲ ಅಪರಾಧಗಳಲ್ಲೂ ಕಾರಣವನ್ನು ಬರಹದಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ವಿಧಿಸಿತು. ನಮ್ಮ ರೈತನಿಗೆ ಅದು ಕನ್ನಡದಲ್ಲಿ ಸಿಗಬೇಕು.

ಇನ್ನು 24 ಗಂಟೆಯ ನಿಯಮ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಮೂರೂ ಕಡೆ ನ್ಯಾಯಾಲಯಗಳಿವೆ. ಕೊಣನೂರಿನಿಂದಲೋ ಹಿರೀಸಾವೆಯಿಂದಲೋ ಹೊರಟರೂ ತಾಲ್ಲೂಕು ಕೇಂದ್ರ ಸೇರಲು ಎಷ್ಟು ಹೊತ್ತು ಬೇಕು? ಪ್ರಯಾಣದ ನೆಪ ಇಲ್ಲಿ ನಡೆಯದು. ಭಾನುವಾರವಾದರೆ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯಬೇಕು. ಆದ್ದರಿಂದಲೇ ಆಟವೆಲ್ಲ ಗಡಿಯಾರದ ಮೊದಲ ಗಂಟೆಯ ಮೇಲೆ. ಶುಕ್ರವಾರ ಕರೆತಂದು ಕೂರಿಸಿ, ಭಾನುವಾರ ದಸ್ತಗಿರಿ ಮಾಡಿದಂತೆ ಬರೆದರೆ? ಲೆಕ್ಕ ಶುರುವಾಗುವುದು ಬರೆದ ಹೊತ್ತಿನಿಂದಲ್ಲ, ಆತನ ಓಡಾಟದ ಸ್ವಾತಂತ್ರ್ಯ ಕಸಿದ ಹೊತ್ತಿನಿಂದ ಎಂದು ಕೆಲವು ಹೈಕೋರ್ಟುಗಳು ಹೇಳಿವೆ. ಬಂಧನದ ಪತ್ರದಲ್ಲಿರುವ ದಿನಾಂಕ ಮತ್ತು ಸಮಯ ಓದಿಯೇ ಸಹಿ ಹಾಕಬೇಕು ಎನ್ನುವುದು ಇದಕ್ಕೆ. ಏಟು ಬಿದ್ದಿದ್ದರೆ, ಕರೆತಂದ ದಿನ ಬೇರೆಯಾಗಿದ್ದರೆ, ಮ್ಯಾಜಿಸ್ಟ್ರೇಟರು ಕೇಳಿದಾಗ ಬಾಯಿಬಿಟ್ಟು ಹೇಳಬೇಕು. ಅಲ್ಲಿ ಸುಮ್ಮನಿದ್ದರೆ ಆಮೇಲೆ ಹೇಳುವುದು ಕಷ್ಟ.

ಹೆಂಗಸರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭ ಬಂದರೆ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು. 18 ತುಂಬದವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಬೇಡಿ ಹಾಕುವ ಅಧಿಕಾರವನ್ನು ಹೊಸ ಸಂಹಿತೆ ಚಟಾಳ ಅಪರಾಧಿಗಳು, ಕೊಲೆ, ಅತ್ಯಾಚಾರ, ಮಾದಕವಸ್ತು, ಭಯೋತ್ಪಾದನೆಯಂಥ ಪ್ರಕರಣಗಳಿಗೆ ಕೊಟ್ಟಿದೆ. ಎಲ್ಲರಿಗೂ ಅಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಒಬ್ಬ ಕಾನೂನು ವಿದ್ಯಾರ್ಥಿಗೆ ಬೇಡಿ ಹಾಕಿ ನಡೆಸಿದ್ದಕ್ಕೆ ಕರ್ನಾಟಕ ಹೈಕೋರ್ಟ್ 2022ರಲ್ಲಿ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಮನೆ, ಮೊಬೈಲು, ರಸ್ತೆ

ವಾರಂಟಿಲ್ಲದೆ ಮನೆ ಶೋಧಿಸಬೇಕಾದರೆ ತನಿಖಾಧಿಕಾರಿ ಅದಕ್ಕೆ ಕಾರಣವನ್ನು ಮೊದಲೇ ಬರೆದಿಟ್ಟು, 48 ಗಂಟೆಯೊಳಗೆ ಅದರ ಪ್ರತಿಯನ್ನು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಸ್ಥಳೀಯರಾದ ಇಬ್ಬರು ಪಂಚರ ಸಮಕ್ಷಮದಲ್ಲಿ ಶೋಧ ನಡೆದು ಮಹಜರು ಆಗಬೇಕು, ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿ ಮನೆಯವರಿಗೆ ಸಿಗಬೇಕು. ಹೊಸ ಸಂಹಿತೆಯ 105ನೇ ಕಲಮಿನಂತೆ ಶೋಧ, ಜಪ್ತಿಯನ್ನು ವಿಡಿಯೊ ಚಿತ್ರೀಕರಿಸುವುದೂ ಕಡ್ಡಾಯ.

ಮೊಬೈಲಿನ ವಿಷಯದಲ್ಲಿ ನಮ್ಮ ಹೈಕೋರ್ಟ್ 2021ರ ಮಾರ್ಚಿನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ದಾರಿ ತೋರಿತು. ಪಾಸ್‌ವರ್ಡ್ ಕೊಡೆಂದು ತನಿಖಾಧಿಕಾರಿ ತಾನಾಗಿ ಬಲವಂತಪಡಿಸುವಂತಿಲ್ಲ. ಒಪ್ಪದಿದ್ದರೆ ನ್ಯಾಯಾಲಯಕ್ಕೆ ಹೋಗಬೇಕು. ಅದಕ್ಕೂ ಮೊದಲು, 2010ರ ಮೇ 5ರಂದು, ಕರ್ನಾಟಕದ ಹೆಸರನ್ನೇ ಹೊತ್ತ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿತ್ತು.

ರಸ್ತೆಯಲ್ಲಿಯೂ ಇದೇ ಸೂತ್ರ. ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಕೈ ತೋರಿಸಿದರೆ ಗಾಡಿ ನಿಲ್ಲಿಸಲೇಬೇಕು, ದಾಖಲೆ ತೋರಿಸಲೇಬೇಕು. ಡಿಜಿಲಾಕರಿನ ದಾಖಲೆಯೂ ನಡೆಯುತ್ತದೆ. ದಂಡ ಕಟ್ಟಿದರೆ ರಸೀದಿ ಕೇಳಿ. ಲೈಸೆನ್ಸ್ ವಶಪಡಿಸಿಕೊಂಡರೆ ತಾತ್ಕಾಲಿಕ ಸ್ವೀಕೃತಿ ಕೊಡಬೇಕೆಂದು ಮೋಟಾರು ವಾಹನ ಕಾಯಿದೆಯ 206ನೇ ಕಲಂ ಹೇಳುತ್ತದೆ. ರಸ್ತೆಯ ಸಣ್ಣ ತಪ್ಪು ಠಾಣೆಯಲ್ಲಿ ದೊಡ್ಡದಾಗುವುದಕ್ಕೆ ಚಿಕ್ಕಮಗಳೂರು ಸಾಕ್ಷಿ. 2023ರ ನವೆಂಬರ್ 30ರಂದು ಹೆಲ್ಮೆಟ್ ವಿಷಯದಿಂದ ಶುರುವಾದ ಮಾತು, ಯುವ ವಕೀಲರೊಬ್ಬರ ಮೇಲೆ ಠಾಣೆಯಲ್ಲಿ ಹಲ್ಲೆ ನಡೆಯಿತೆಂಬ ದೂರಿನಲ್ಲಿ ಮುಗಿಯಿತು. ಪೊಲೀಸರ ಮೇಲೆಯೇ ಪ್ರಕರಣ ದಾಖಲಾಗಿ, ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಷಯವನ್ನು ಕೈಗೆತ್ತಿಕೊಂಡಿತು.

ಬೇಡವಾದ ಕಾಗದ

ಕಾಗದ ಕೇಳಿ ಎಂದೆವು. ಆದರೆ ಕೊಡಬಾರದ ಕಾಗದವೂ ಒಂದಿದೆ. ತನಿಖೆಯಲ್ಲಿ ನೀವು ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನು ಅವರು ಬರೆದುಕೊಂಡರೆ ಅದಕ್ಕೆ ನಿಮ್ಮ ಸಹಿ ಹಾಕಿಸಬಾರದು ಎಂದು 181ನೇ ಕಲಂ ಹೇಳುತ್ತದೆ. ದೂರಿಗೆ ಸಹಿ ಬೇಕು, ಮಹಜರಿಗೆ ಪಂಚರ ಸಹಿ ಬೇಕು, ಬಂಧನದ ಪತ್ರಕ್ಕೆ ಬೇಕು. ಹೇಳಿಕೆಗೆ ಬೇಡ. ಖಾಲಿ ಹಾಳೆಗಂತೂ ಯಾವ ಕಾನೂನೂ ಸಹಿ ಕೇಳುವುದಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಲು ಸಾಕ್ಷ್ಯ ಅಧಿನಿಯಮದ 23ನೇ ಕಲಂ ಬಿಡುವುದಿಲ್ಲ. ಆತನ ಮಾತಿನಿಂದ ಹೊಸದೊಂದು ಸಂಗತಿ ಪತ್ತೆಯಾದರೆ ಆ ಅಂಶದ ಮಟ್ಟಿಗೆ ಮಾತ್ರ ಅದು ಸಲ್ಲುತ್ತದೆ. ಹೊಡೆದು ಬಾಯಿ ಬಿಡಿಸುವುದು ನ್ಯಾಯ ಸಂಹಿತೆಯ 120ನೇ ಕಲಮಿನಡಿ ಏಳು ವರ್ಷದವರೆಗೆ, ತೀವ್ರ ಗಾಯವಾದರೆ ಹತ್ತು ವರ್ಷದವರೆಗೆ ಶಿಕ್ಷಾರ್ಹ ಅಪರಾಧ.

ಪೊಲೀಸರ ಕಡೆಯ ಮಾತು

ಇಷ್ಟು ಓದಿದ ಠಾಣಾಧಿಕಾರಿಯೊಬ್ಬರು ‘ನಮ್ಮ ಕಷ್ಟ ಯಾರಿಗೆ ಹೇಳೋಣ?’ ಎಂದರೆ ಅದೂ ನ್ಯಾಯವೇ. ಜಾತ್ರೆ, ಗಣೇಶ ವಿಸರ್ಜನೆ, ಗಣ್ಯರ ಬಂದೋಬಸ್ತು, ರಾತ್ರಿ ಗಸ್ತು, ಕೋರ್ಟು, ಅಪಘಾತ ಎಲ್ಲವನ್ನೂ ಇರುವ ಸಿಬ್ಬಂದಿಯಲ್ಲೇ ತೂಗಿಸಬೇಕು. ಮೇಲಿನಿಂದ ಫೋನು, ಪಕ್ಕದಿಂದ ಮುಖಂಡರ ಶಿಫಾರಸು. ಕಾನೂನು ಅವರ ಕೈಯನ್ನು ಪೂರ್ತಿ ಕಟ್ಟಿಹಾಕಿಲ್ಲ. ಬಂಧನಕ್ಕೆ ಅಡ್ಡಿಪಡಿಸಿದರೆ ಅಗತ್ಯದಷ್ಟು ಬಲ ಬಳಸಬಹುದು. ಅಪರಾಧ ನಡೆಯಲಿದೆ ಎಂದು ಖಚಿತವಾಗಿ, ತಡೆಯಲು ಬೇರೆ ದಾರಿಯಿಲ್ಲದಿದ್ದರೆ 170ನೇ ಕಲಮಿನಡಿ ಮುಂಚೆಯೇ ಹಿಡಿದು 24 ಗಂಟೆ ಇಡಬಹುದು. ಪೊಲೀಸರ ಮೇಲೆ ಕೈಮಾಡಿದರೆ ಅದು ಪ್ರತ್ಯೇಕ ಅಪರಾಧವಾಗುತ್ತದೆ.

ಅಷ್ಟೇ ಅಲ್ಲ, ಕರ್ನಾಟಕ ಪೊಲೀಸ್ ಕಾಯಿದೆಯ 170ನೇ ಕಲಂ ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೃತ್ಯಕ್ಕೆ ಸರ್ಕಾರದ ಮಂಜೂರಾತಿಯಿಲ್ಲದೆ ಮೊಕದ್ದಮೆ ಹೂಡುವಂತಿಲ್ಲ ಎನ್ನುತ್ತದೆ. ಅಧಿಕಾರದ ಮೇರೆ ಸ್ವಲ್ಪ ಮೀರಿದ್ದರೂ, ಕೃತ್ಯಕ್ಕೂ ಕರ್ತವ್ಯಕ್ಕೂ ಸಂಬಂಧವಿದ್ದರೆ ಈ ರಕ್ಷಣೆ ಸಿಗುತ್ತದೆಂದು ಬೆಂಗಳೂರಿನ ಪೊಲೀಸ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜೂನ್‌ನಲ್ಲಿ ಹೇಳಿತು. ಸಂಬಂಧವೇ ಇಲ್ಲದ ಕೃತ್ಯಕ್ಕೆ ಈ ಕೊಡೆ ಹಿಡಿಯುವಂತಿಲ್ಲ. ಹಾಗಾಗಿ ಸರಿಯಾಗಿ ಕಾಗದ ಬರೆದಿಟ್ಟ ಅಧಿಕಾರಿಗೆ ಆ ಕಾಗದವೇ ರಕ್ಷೆ. ನಾಗರಿಕ ಕಾಗದ ಕೇಳಿದರೆ ಪೊಲೀಸರು ಸಿಟ್ಟಾಗಬೇಕಾದ ಕಾರಣವಿಲ್ಲ.

ಮೇರೆ ಮೀರಿದಾಗ ದೂರು ಹೇಳಿಕೊಳ್ಳಲು ಹಲವು ಬಾಗಿಲುಗಳಿವೆ. 2006ರ ಪ್ರಕಾಶ್ ಸಿಂಗ್ ತೀರ್ಪಿನ ಫಲವಾಗಿ ನಮ್ಮ ಪೊಲೀಸ್ ಕಾಯಿದೆಗೆ 2012ರಲ್ಲಿ ತಿದ್ದುಪಡಿ ಬಂದು ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳಿಗೆ ಅವಕಾಶವಾಯಿತು. ಘಟನೆ ನಡೆದ ಒಂದು ವರ್ಷದೊಳಗೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಹೋಗಬಹುದು. ಠಾಣೆಯ ದ್ವಾರ, ಲಾಕಪ್, ಓಣಿ ಎಲ್ಲೆಡೆ ಧ್ವನಿಸಹಿತ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಆದೇಶಿಸಿದೆ. ದೃಶ್ಯಾವಳಿ ಅಳಿಸಿಹೋಗುವ ಮುನ್ನ ಕಾಪಾಡುವಂತೆ ಬೇಗ ಅರ್ಜಿ ಕೊಡಬೇಕು. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಹಾಸನದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ತಾಲ್ಲೂಕುಗಳಲ್ಲಿ ಸಮಿತಿಗಳಿವೆ. 15100ಕ್ಕೆ ಕರೆ ಮಾಡಿದರೂ ಸಾಕು.

ಒಡಿಶಾದ ನೀಲಾಬತಿ ಬೆಹೆರಾ ಎಂಬ ತಾಯಿ, ಪೊಲೀಸರು ಕರೆದೊಯ್ದ ಮಗ ಮಾರನೆಯ ದಿನ ರೈಲು ಹಳಿಯ ಬಳಿ ಹೆಣವಾಗಿ ಸಿಕ್ಕಾಗ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದಳು. 1993ರಲ್ಲಿ ನ್ಯಾಯಾಲಯ ಆಕೆಗೆ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮಗ ಬರಲಿಲ್ಲ. ಆದರೆ ಪೊಲೀಸರ ವಶದಲ್ಲಿ ಆಗುವ ಹಾನಿಗೆ ಸರ್ಕಾರವೇ ಹೊಣೆ ಎಂಬ ಮಾತು ದೇಶದ ಕಾನೂನಾಗಿ ನಿಂತಿತು. ಅಲ್ಲಿಯೂ ಕೆಲಸ ಮಾಡಿದ್ದು ಒಂದು ಕಾಗದವೇ.

ಮತ್ತೆ ಅರಕಲಗೂಡಿನ ಆ ರೈತನ ಬಳಿಗೆ ಹೋಗೋಣ. ಫೋನು ಬಂದಾಗ ಆತ ಜಗಳಕ್ಕೆ ನಿಲ್ಲಬೇಕಾಗಿಲ್ಲ, ಕಾನೂನು ಪುಸ್ತಕ ಓದಿ ಹೇಳಬೇಕಾಗಿಯೂ ಇಲ್ಲ. ‘ಒಂದು ನೋಟಿಸ್ ಕಳಿಸಿ ಸ್ವಾಮಿ, ತಪ್ಪದೇ ಬರ್ತೀನಿ’ ಎಂದರೆ ಸಾಕು. ಕರೆದವರಿಗೆ ನಿಜವಾಗಿಯೂ ತನಿಖೆಯ ಕೆಲಸವಿದ್ದರೆ ನೋಟಿಸು ಬರುತ್ತದೆ, ಈತನೂ ಹೋಗುತ್ತಾನೆ. ಕೆಲಸ ಬದುವಿನ ಪಂಚಾಯ್ತಿಯಾಗಿದ್ದರೆ ಬಹುಶಃ ಕಾಗದ ಬರುವುದೇ ಇಲ್ಲ. ಆ ರಾತ್ರಿ ಆತ ನಿಶ್ಚಿಂತೆಯಿಂದ ಬ್ಯಾರನ್ನಿನ ಬೆಂಕಿ ನೋಡಿಕೊಳ್ಳಬಹುದು.